ಲುಂಬಿನಿಗೆ ಹೋಗಿ ಬಂದ ಮಾಸ್ತರ ಫೋಟೋ

ಶಹಾಪುರ, ಬೆಳಿಗ್ಗೆ

ನಲ್ಲಿಗೆ ನೀರು ಬರುವ ದಿನ ನಮ್ಮ ಓಣಿಯಲ್ಲಿ ಯಾರಿಗೂ ಗಡಿಯಾರ ಬೇಕಾಗುವುದಿಲ್ಲ. ಕೊಡಕ್ಕೆ ಕೊಡ ತಾಗುವ ಸದ್ದಿಗೇ ಎಚ್ಚರವಾಗುತ್ತದೆ. ಆ ದಿನವೂ ಹಾಗೇ ಎದ್ದು, ನೀರು ಹಿಡಿದು, ಒಲೆಗೆ ಹಂಚು ಇಟ್ಟು ರೊಟ್ಟಿ ಬಡಿಯಲು ಕುಳಿತೆ. ನಮ್ಮ ಯಜಮಾನರು ಕಾಲುವೆ ಆಫೀಸಿನಲ್ಲಿ ಗುಮಾಸ್ತರು. ಕಾಲುವೆಗೆ ನೀರು ಬಿಟ್ಟ ಮೇಲೆ ಅವರಿಗೆ ರಜೆಯೆಂಬುದೇ ಇಲ್ಲ. ಯಾವ ಹಳ್ಳಿಯವರು ತೂಬು ಒಡೆದರು, ಯಾವ ಹಳ್ಳಿಯ ಹೊಲಕ್ಕೆ ನೀರು ಮುಟ್ಟಲಿಲ್ಲ ಎಂಬ ತಕರಾರು ಕೇಳುವುದರಲ್ಲೇ ಅವರ ದಿನ ಮುಗಿಯುತ್ತದೆ. ಹೀಗಾಗಿ ನಮ್ಮ ಮಂದಿಯೆಲ್ಲ ನೇಪಾಳದ ಲುಂಬಿನಿಗೆ ಹೊರಟಾಗ ಅವರಿಗೆ ಬರಲಾಗಲಿಲ್ಲ. ಕ್ಯಾಮೆರಾ ನನ್ನ ಕೊರಳಿಗೆ ಬಂತು.

ಬುತ್ತಿ ಕಟ್ಟಿಸಿಕೊಳ್ಳುತ್ತಾ ಕೇಳಿದರು, "ಇವತ್ತ ಫೋಟೋ ಬರ್ತಾವಲ್ಲ?"

"ಸ್ಟುಡಿಯೋದವರು ಇವತ್ತ ಬರ್ರಿ ಅಂದಾರ. ಯಾದಗಿರಿಗೆ ಹೋಗಿ ತಗೊಂಡು, ಹಂಗ ಸುರಪುರಕ್ಕ ಹೋಗಿ ಸಾಬಮ್ಮ ಅತ್ತಿ ಕೈಯಾಗ ಕೊಟ್ಟು ಬರ್ತೀನಿ."

"ಮಾಸ್ತರದು ಮೊದಲ ನೋಡು. ಉಳಿದಾವು ಹೆಂಗರ ಇರಲಿ," ಎಂದು ಚಪ್ಪಲಿ ಮೆಟ್ಟಿಕೊಂಡು ಹೋದರು.

ಸಾಬಮ್ಮ ಅತ್ತಿ ನಮಗೆ ನೆಂಟರಲ್ಲ. ಸುರಪುರದ ಶಾಲೆಯಲ್ಲಿ ನಮ್ಮ ಯಜಮಾನರಿಗೆ ಅಕ್ಷರ ಕಲಿಸಿದ ಮರೆಪ್ಪ ಮಾಸ್ತರ ಹೆಂಡತಿ. ಮಾಸ್ತರು ಹರೆಯದಲ್ಲೇ ಬೌದ್ಧ ಧರ್ಮಕ್ಕೆ ಬಂದವರು. ಬುದ್ಧ ಹುಟ್ಟಿದ ಜಾಗವನ್ನು ಒಮ್ಮೆ ನೋಡಬೇಕೆಂಬುದು ಅವರ ಆಸೆ. ನಿವೃತ್ತಿಯಾಗಲಿ ಎಂದರು, ಆಯಿತು. ಕಣ್ಣಿನ ಆಪರೇಶನ್ ಆಗಲಿ ಎಂದರು, ಅದೂ ಆಯಿತು. ಆಮೇಲೆ ಅವರೇ ಇಲ್ಲವಾದರು. ಬರುವ ಭಾನುವಾರ ಅವರ ವರ್ಷದ ಕಾರ್ಯ. ನೆಂಟರು, ಹಳೆಯ ವಿದ್ಯಾರ್ಥಿಗಳು ಸೇರುವ ಹೊತ್ತಿಗೆ, ಮಾಸ್ತರು ಲುಂಬಿನಿ ಮುಟ್ಟಿದ್ದಾರೆಂದು ಎಲ್ಲರಿಗೂ ಕಾಣುವಂತೆ ಒಂದು ಫೋಟೋ ಗೋಡೆಯ ಮೇಲೆ ಇರಬೇಕೆಂಬುದು ಸಾಬಮ್ಮ ಅತ್ತಿಯ ಹಟ. ಅದಕ್ಕಾಗಿ ಅವರು ಗಾಜಿನ ಕಟ್ಟು ಹಾಕಿಸಿದ್ದ ಮಾಸ್ತರ ಫೋಟೋವನ್ನು ಟವೆಲಿನಲ್ಲಿ ಸುತ್ತಿ, ಎದೆಗವಚಿಕೊಂಡು ರೈಲು ಹತ್ತಿದ್ದರು. ಬುದ್ಧ ಹುಟ್ಟಿದ್ದು ಇಲ್ಲೇ ಎಂದು ಕೆತ್ತಿದ ಲುಂಬಿನಿಯ ಹಳೆಯ ಕಲ್ಲುಕಂಬದ ಮುಂದೆ ಆ ಕಟ್ಟು ಹಿಡಿದು ನಿಂತ ಅವರದೊಂದು ಫೋಟೋ ತೆಗೆಯುವುದು ನನಗೆ ಒಪ್ಪಿಸಿದ ಕೆಲಸವಾಗಿತ್ತು. ಅವರು ಬೇರೆ ಏನನ್ನೂ ಕೇಳಿರಲಿಲ್ಲ.

ಪರದೇಶಕ್ಕೆ ಹೋಗಿಬಂದವರು ಹೊರಟ ದಿನದಿಂದ ಬರೆಯಲು ಆರಂಭಿಸುತ್ತಾರೆ. ನಾನು ಫೋಟೋ ಕೈಗೆ ಬಂದ ದಿನದಿಂದ ಆರಂಭಿಸಿದ್ದೇನೆ. ಆ ದಿನದ ಬೆಳಿಗ್ಗೆಯವರೆಗೂ ನಾನು ನನ್ನ ಪ್ರವಾಸದ ಬಗ್ಗೆ ಬಹಳ ಸಂತೋಷದಲ್ಲಿದ್ದೆ.

ಯಾದಗಿರಿಯ ಬಸ್ಸಿನಲ್ಲಿ

ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಮೊದಲು ಬರೀ ಜೋಳ ಕಾಣುತ್ತಿದ್ದ ಕಡೆ ಈಗ ಭತ್ತದ ಹಸಿರು. ಕಾಲುವೆ ಬಂದ ಮೇಲೆ ನಮ್ಮ ಸೀಮೆಯ ಬಣ್ಣವೇ ಬೇರೆಯಾಗಿದೆ, ಸೊಳ್ಳೆಗಳೂ ಬಂದಿವೆ. ಆ ಹಸಿರು ನೋಡುತ್ತಾ ನಾನು ಕೈಯಲ್ಲೇ ಚೌಕಟ್ಟು ಮಾಡಿ ಅಳೆಯುತ್ತಿದ್ದೆ. ಈ ಚಟ ಹತ್ತಿಸಿದ್ದು ಆ ಕ್ಯಾಮೆರಾ.

ಕಾಲುವೆ ಕಟ್ಟಲು ಬಂದಿದ್ದ ಒಬ್ಬ ಎಂಜಿನಿಯರು ವರ್ಗವಾಗಿ ಹೋಗುವಾಗ ಅದನ್ನು ನಮ್ಮ ಯಜಮಾನರಿಗೆ ಕೊಟ್ಟು ಹೋದರು. ಜೊತೆಗೆ ಫೋಟೋ ತೆಗೆಯುವುದನ್ನು ಕಲಿಸುವ ತೆಳ್ಳನೆಯ ಇಂಗ್ಲಿಷ್ ಪುಸ್ತಕವೂ ಇತ್ತು. ನಾನು ಕಲಬುರ್ಗಿಯಲ್ಲಿ ಸಿಸ್ಟರ್‌ಗಳ ಕಾನ್ವೆಂಟಿನಲ್ಲಿ ಓದಿದವಳು. ಮದುವೆಯಾದ ಮೇಲೆ ನನ್ನ ಇಂಗ್ಲಿಷು ಔಷಧದ ಬಾಟಲಿಯ ಮೇಲಿನ ಚೀಟಿ ಓದುವುದಕ್ಕೆ ಮಾತ್ರ ಬೇಕಾಗುತ್ತಿತ್ತು. ಬಹಳ ವರ್ಷಗಳ ಮೇಲೆ ಒಂದು ಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ಓದಿದ ಸುಖ ಸಿಕ್ಕಿದ್ದು ಅದರಿಂದಲೇ.

ಮನುಷ್ಯನನ್ನು ಚಿತ್ರದ ನಟ್ಟನಡುವೆ ನಿಲ್ಲಿಸಬೇಡ ಎನ್ನುತ್ತದೆ ಆ ಪುಸ್ತಕ. ಚಿತ್ರವನ್ನು ಅಡ್ಡಕ್ಕೂ ಉದ್ದಕ್ಕೂ ಮೂರು ಪಾಲು ಮಾಡಿಕೊಂಡು ಆ ಗೆರೆಗಳ ಮೇಲೆ ಇಡು, ನಡೆಯುವವನ ಮುಂದೆ ನಡೆಯಲು ಜಾಗ ಬಿಡು, ಗುಂಡಿ ಒತ್ತುವ ಮೊದಲು ನಾಲ್ಕೂ ಮೂಲೆ ನೋಡು. ಬೆಳಕಿನ ವಿಷಯ ಇನ್ನೂ ಕಠಿಣ. ಕ್ಯಾಮೆರಾದ ಕಿಂಡಿಯೊಳಗೆ ಬೆಳಕು ಸಾಕೇ ಬೇಕೇ ಎಂದು ತೋರಿಸುವ ಒಂದು ಮುಳ್ಳಿದೆ. ಎದುರಿಗೆ ಬಿಳಿ ಹೆಚ್ಚಾದರೆ ಅದು ಮೋಸಹೋಗುತ್ತದೆ, ಬೆಳಕು ಬಹಳವಾಯಿತೆಂದು ತಿಳಿದು ಎಲ್ಲವನ್ನೂ ಕಪ್ಪಾಗಿಸುತ್ತದೆ. ಆಗ ಮುಳ್ಳಿನ ಮಾತು ಕೇಳದೆ, ಬೆಳಕು ಬಿಡುವ ಬಳೆಯನ್ನು ತಿರುಗಿಸಿ ಒಂದು ಮನೆ ಹೆಚ್ಚು ತೆರೆಯಬೇಕು. ಊರ ಬೆಟ್ಟದ ಮೇಲೆಯೇ ಇದನ್ನು ಕಲಿತೆ. ನಮ್ಮ ಶಹಾಪುರದ ಬೆಟ್ಟ ದೂರದಿಂದ ಮಲಗಿದ ಬುದ್ಧನ ಹಾಗೆ ಕಾಣುತ್ತದೆ. ಮೊದಲ ಸಲ ಅದು ಇದ್ದಿಲಿನ ರಾಶಿಯ ಹಾಗೆ ಬಂತು. ಮೂರನೆಯ ರೋಲಿನಲ್ಲಿ ಹಣೆ, ಮೂಗು, ಗಲ್ಲ ಎಲ್ಲ ಬಂದವು. ಆ ಮೇಲೆ ನನ್ನನ್ನು ಹಿಡಿಯುವವರು ಯಾರೂ ಇರಲಿಲ್ಲ.

ನಮ್ಮವರ ಲೆಕ್ಕ ಬೇರೆ. ಫೋಟೋ ಎಂದರೆ ತಲೆಯಿಂದ ಕಾಲಿನವರೆಗೆ ಬರಬೇಕು, ನಡುವೆ ಬರಬೇಕು, ಕೈ ನೆಟ್ಟಗಿರಬೇಕು. ಫೋಟೋ ಕೈಗೆ ಕೊಟ್ಟರೆ ಎಲ್ಲರೂ ಮೊದಲು ಕೇಳುವುದು "ಕಾಲು ಬಂದಾವೇನು?" ಎಂದೇ.

ಸುನೌಲಿ

ಪ್ರವಾಸದಲ್ಲಿ ನಾವು ಗೋರಖಪುರದಿಂದ ಬಸ್ಸಿನಲ್ಲಿ ಹೋಗಿ ಗಡಿಯಲ್ಲಿ ಇಳಿದರೆ ಎದುರಿಗೆ ಒಂದು ಕಮಾನು. ಅದರ ಆಚೆ ನೇಪಾಳ. ಸೈಕಲ್ ರಿಕ್ಷಾ, ಈರುಳ್ಳಿ ಚೀಲದ ಲಾರಿ, ಒಂದು ಎಮ್ಮೆ, ಎಲ್ಲದರ ಜೊತೆ ನಾವೂ ನಡೆದು ದಾಟಿದೆವು. ನಮ್ಮ ತಂಡದ ಹಿರಿಯರು ಮಾಳಪ್ಪ ಕಾಕಾ, ನಿವೃತ್ತ ಪೋಸ್ಟ್‌ಮಾಸ್ತರು. ಅವರಿಗೆ ಭಾರಿ ನಿರಾಸೆಯಾಯಿತು.

"ಇದೇನು ಪರದೇಶರಿ? ಗುರುಮಠಕಲ್ ದಾಟಿ ಆಂಧ್ರಕ್ಕ ಹೋದಂಗಾತು. ಯಾರರ ತಡೀಬೇಕಿಲ್ಲೇನು?"

ತಡೆದವರು ಯಾರೂ ಇರಲಿಲ್ಲ. ಆದರೆ ಗಡಿಯಾರ ಕಾಲು ತಾಸು ಮುಂದಿಡಬೇಕೆಂದು ಅಂಗಡಿಯವನು ಹೇಳಿದಾಗ ಕಾಕಾ ಸ್ವಲ್ಪ ಸಮಾಧಾನ ಹೊಂದಿದರು. ಪರದೇಶ ಎನ್ನಲು ಅಷ್ಟಾದರೂ ಸಿಕ್ಕಿತಲ್ಲ.

ಕಮಾನಿನ ಕೆಳಗೆ ಎಲ್ಲರ ಫೋಟೋ ತೆಗೆಯಬೇಕಾಯಿತು. ಪುಸ್ತಕದ ಪ್ರಕಾರ ನಮ್ಮ ಮಂದಿಯನ್ನು ಎಡಕ್ಕೆ ಸರಿಸಿ, ಬಲಕ್ಕೆ ರಸ್ತೆ ಬಿಟ್ಟೆ.

"ಅಲ್ಲವ್ವ, ಇಡೀ ರಸ್ತಾ ಖಾಲಿ ಬಿದ್ದದ, ನಮ್ಮನ್ನ ಮೂಲ್ಯಾಗ ಯಾಕ ತುಂಬಾಕತ್ತಿ?" ಎಂದರು ಕಾಕಾ.

"ಹಂಗಾದ್ರ ಛಲೋ ಬರ್ತದ್ರಿ ಕಾಕಾ."

"ಕಾನ್ವೆಂಟ್ ಓದ್ಯಾಳ, ಬಿಡ್ರಿ. ಆಕಿಗೆ ಗೊತ್ತಿರ್ತದ," ಎಂದರು ಸಾಬಮ್ಮ ಅತ್ತಿ. ಟವೆಲಿನ ಗಂಟು ಎದೆಯ ಮೇಲೇ ಇತ್ತು. ರೈಲಿನಲ್ಲೂ ಅದಕ್ಕೆ ಕಿಟಕಿಯ ಪಕ್ಕದ ಜಾಗವನ್ನೇ ಕೊಟ್ಟಿದ್ದರು. ಸಾಮಾನು ಕೆಳಗಿಡಿ ಎಂದು ಯಾರೋ ಹಿಂದಿಯಲ್ಲಿ ಗದರಿದಾಗ ಕನ್ನಡದಲ್ಲೇ ಉತ್ತರ ಕೊಟ್ಟಿದ್ದರು, "ಸಾಮಾನಲ್ಲಪ್ಪ, ನಮ್ಮವರು."

ಆಗೆಲ್ಲ ನನಗೆ ನಾಚಿಕೆಯಾಗುತ್ತಿತ್ತು. ಈಗ ಆ ನಾಚಿಕೆಗೇ ನಾಚಿಕೆಯಾಗುತ್ತದೆ. ನಮ್ಮವರು ಎತ್ತರದ ದನಿಯಲ್ಲಿ ಮಾತಾಡುವುದು, ನಡುರಸ್ತೆಯಲ್ಲಿ ಕೂತು ಬುತ್ತಿ ಬಿಚ್ಚುವುದು, ಯಾರಿಗೂ ತಿಳಿಯದ ಕನ್ನಡದಲ್ಲಿ ಚೌಕಾಸಿ ಮಾಡುವುದು ಕಂಡಾಗಲೆಲ್ಲ ನಾನು ಕ್ಯಾಮೆರಾವನ್ನು ಕಣ್ಣಿಗೆ ಹಚ್ಚಿ ಎರಡು ಹೆಜ್ಜೆ ಆಚೆ ನಿಲ್ಲುತ್ತಿದ್ದೆ. ನೋಡಿದವರು ನನ್ನನ್ನು ಬೇರೆ ಎಂದುಕೊಳ್ಳಲಿ ಎಂಬ ಆಸೆ.

ಲುಂಬಿನಿಯ ಮಂಜು

ನಾವು ಇಳಿದುಕೊಂಡ ಛತ್ರದ ಅಡುಗೆಯಾಕೆ ನೇಪಾಳಿ ಹೆಂಗಸು. ಬೆಳಗಿನ ಜಾವ ಅಂಗಳದಲ್ಲಿ ದೊಡ್ಡ ಹಂಡೆಯಲ್ಲಿ ನೀರು ಕಾಯಿಸಿ, ಬಿಸಿಯಾಯಿತೆಂದು ತಿಳಿಸಲು ಹಂಡೆಗೆ ಸೌಟಿನಿಂದ ಬಡಿಯುತ್ತಿದ್ದಳು. ನಮ್ಮ ಕಡಕ್ ರೊಟ್ಟಿಯನ್ನು ಬೆಳಕಿಗೆ ಹಿಡಿದು, ತಟ್ಟಿ, ಹಪ್ಪಳವೆಂದುಕೊಂಡು ಕೆಂಡದ ಮೇಲಿಟ್ಟು ಸುಟ್ಟಳು. ಶೇಂಗಾ ಹಿಂಡಿಯನ್ನು, ನಮ್ಮ ಖಾರದ ಚಟ್ನಿಪುಡಿಯನ್ನು, ಸಿಹಿಯೆಂದು ತಿಳಿದು ಬೊಗಸೆ ತುಂಬ ಬಾಯಿಗೆ ಹಾಕಿಕೊಂಡಳು. ಕಣ್ಣಲ್ಲಿ ನೀರು ಬಂತು. ನಾವು ಹೆದರಿದೆವು. ಆಕೆ ನೀರು ಕುಡಿದು, ನಕ್ಕು, ಗಂಡನಿಗೂ ಸ್ವಲ್ಪ ಕೊಡಿ ಎಂದು ಸನ್ನೆ ಮಾಡಿದಳು. ಗಂಡ ತಿನ್ನುವಾಗ ಎದುರಿಗೇ ನಿಂತು ನೋಡಿದಳು.

ಅಲ್ಲಿಯ ಮಂಜು ನಮ್ಮ ಸೀಮೆಯವರು ಕಂಡದ್ದಲ್ಲ. ಮುಂದೆ ಹೋಗುವವರ ಬೆನ್ನು ಮಾತ್ರ ಕಾಣುತ್ತದೆ, ಆಮೇಲೆ ಅದೂ ಕಾಣುವುದಿಲ್ಲ. ವಿಹಾರಗಳ ನಡುವೆ ಉದ್ದಕ್ಕೆ ಒಂದು ಕಾಲುವೆ ಇದೆ. ಅದನ್ನು ಕಂಡದ್ದೇ ನಮ್ಮವರು ಬುದ್ಧನನ್ನು ಮರೆತು ದಂಡೆಗೆ ಬಗ್ಗಿದರು.

"ಲೈನಿಂಗ್ ಛಲೋ ಮಾಡ್ಯಾರ," ಎಂದರು ಕಾಕಾ. "ಆದ್ರ ಇದರಾಗಿಂದ ಹೊಲಕ್ಕ ಬಿಡಾಕ ತೂಬೇ ಇಲ್ಲಲ್ಲರಿ?"

"ಬರೇ ನೋಡಾಕ ಕಟ್ಟ್ಯಾರ ಕಾಕಾ," ಎಂದೆ.

"ನೋಡಾಕ ಕಾಲುವಿ ಕಟ್ಟ್ಯಾರಂದ್ರ ಇವರ ಹೊಟ್ಟಿ ತುಂಬೇದ ಬಿಡು."

ನಾವು ಹೆಂಗಸರೆಲ್ಲ ಬಿಳಿ ಸೀರೆ ಉಟ್ಟಿದ್ದೆವು. ಬಿಳಿ ಮಂಜು, ಬಿಳಿ ಸೀರೆ. ಮುಳ್ಳಿಗೆ ಮೋಸಹೋಗಲು ಇದಕ್ಕಿಂತ ಒಳ್ಳೆಯ ಜಾಗ ಬೇಕೇ? ನಾನು ಪುಸ್ತಕ ನೆನೆದು ಒಂದು ಮನೆ ಹೆಚ್ಚು ತೆರೆದೆ. ಕಾಲುವೆಯ ದಂಡೆಯ ಮೇಲೆ ಸಾಲಾಗಿ ಹೋಗುತ್ತಿದ್ದ ಭಿಕ್ಷುಗಳನ್ನು ಚಿತ್ರದ ಒಂದು ಅಂಚಿಗಿಟ್ಟು, ಅವರ ಮುಂದೆ ಬರೀ ಮಂಜನ್ನು ಬಿಟ್ಟು ತೆಗೆದೆ. ಕ್ಯಾಮೆರಾವನ್ನು ಕಣ್ಣಿನಿಂದ ಇಳಿಸಲು ಮನಸ್ಸಾಗಲಿಲ್ಲ. ಅಷ್ಟು ಚೆಂದ ಕಾಣುತ್ತಿತ್ತು.

ಕಂಬದ ಮುಂದೆ

ಮಂಜು ಕರಗಿ ತೆಳ್ಳನೆಯ ಬಿಸಿಲು ಬಂದ ಮೇಲೆ ಕಂಬದ ಹತ್ತಿರ ಹೋದೆವು. ಸುತ್ತ ಕಬ್ಬಿಣದ ಕಟಾಂಜನ. ಆಚೆ ಕೊಳ, ಕೊಳದ ದಂಡೆಗೆ ಬಣ್ಣಬಣ್ಣದ ಬಟ್ಟೆಯ ಪತಾಕೆ ಕಟ್ಟಿದ ಅರಳಿಮರ. ಬೇರೆ ಬೇರೆ ದೇಶದವರು ಕಣ್ಣು ಮುಚ್ಚಿ ಕುಳಿತಿದ್ದರು. ಸಿಂಹಳದ ಹೆಂಗಸರೂ ನಮ್ಮ ಹಾಗೆಯೇ ಬಿಳಿ ಉಟ್ಟಿದ್ದರು. ನಮ್ಮವರನ್ನು ತಮ್ಮವರೆಂದುಕೊಂಡು ಒಬ್ಬಾಕೆ ಸಾಬಮ್ಮ ಅತ್ತಿಯ ಕೈ ಹಿಡಿದು ಬಹಳ ಹೊತ್ತು ಏನೋ ಹೇಳಿದಳು. ಅತ್ತಿ ಎಲ್ಲದಕ್ಕೂ "ಹೌದ್ರಿ, ಹೌದ್ರಿ" ಎಂದರು.

ಅತ್ತಿ ಟವೆಲು ಬಿಚ್ಚಿದರು. ಮಾಸ್ತರದು ಹಳೆಯ ಕಪ್ಪು ಬಿಳುಪು ಫೋಟೋ. ಕಪ್ಪು ಕೋಟು, ಹಿಂದೆ ಕಪ್ಪು ಪರದೆ. ಕಟ್ಟನ್ನು ಮೊದಲು ಕಂಬದ ಕಡೆ ತಿರುಗಿಸಿ ಹಿಡಿದರು. "ನೋಡ್ರಿ, ಬಂದೇವಿ," ಎಂದು ಮೆಲ್ಲಗೆ ಹೇಳಿ, ತಾವು ಆಚೆ ಈಚೆ ನೋಡದೆ ಬಹಳ ಹೊತ್ತು ಹಾಗೇ ನಿಂತರು. ಆಮೇಲೆ ನನ್ನ ಕಡೆ ತಿರುಗಿ, ಕಟ್ಟನ್ನು ಹೊಟ್ಟೆಗಾನಿಸಿಕೊಂಡು, ಅದರ ಮುಖ ಸ್ವಲ್ಪ ನೆಲದ ಕಡೆ ಬಾಗಿಸಿ ಹಿಡಿದರು.

ಪಕ್ಕದಲ್ಲಿ ಇಬ್ಬರು ಬಿಳಿಯರು ದೊಡ್ಡ ಕ್ಯಾಮೆರಾ ಹಿಡಿದು ಕುಳಿತಿದ್ದರು. ಅವರು ನನ್ನನ್ನು ನೋಡುತ್ತಿದ್ದಾರೆಂದು ನನಗೆ ಗೊತ್ತಿತ್ತು. ಅವರ ಹಾಗೆಯೇ ಒಂದು ಮಂಡಿ ಊರಿ ಕುಳಿತೆ. ಅತ್ತಿಯನ್ನು ಎಡದ ಗೆರೆಗೆ ಸರಿಸಿದೆ, ಕಂಬವನ್ನು ಬಲದ ಗೆರೆಗೆ ತಂದೆ. ಎದುರು ಬಿಸಿಲಿಗೆ ಮುಖ ಕಪ್ಪಾಗದಂತೆ ಬೆಳಕು ಅವರ ಕೆನ್ನೆಯ ಪಕ್ಕದಿಂದ ಬರುವ ಕಡೆ ನಿಲ್ಲಿಸಿದೆ. ಬಿಳಿ ಸೀರೆಗೆ ಮುಳ್ಳು ಮೋಸಹೋಗುತ್ತದೆಂದು ಮುಖದ ಹತ್ತಿರ ಹೋಗಿ ಬೆಳಕು ಅಳೆದು ಬಂದೆ. ಎಲ್ಲ ಸರಿಯಾಯಿತು. ಕಟ್ಟು ಮಾತ್ರ ಕೆಳಗಿಳಿದು ಮಂಕಾಗಿ ಕಂಡಿತು.

"ಅತ್ತಿ, ಮಾಸ್ತರನ್ನ ಜರಾ ಮ್ಯಾಲ ಎತ್ರಿ. ಹಿಂದಕ್ಕ ವಾಲಸ್ರಿ. ಬೆಳಕು ಬೀಳಲಿ."

"ಹಿಂಗೇನವ್ವ?"

"ಇನ್ನಾ ಜರಾ. ಹಾಂ, ಸಾಕು."

ಪುಸ್ತಕ ಹೇಳಿದ ಹಾಗೆ ನಾಲ್ಕೂ ಮೂಲೆ ನೋಡಿದೆ. ನಾಲ್ಕೂ ಚೊಕ್ಕಟವಾಗಿದ್ದವು. ಒತ್ತಿದೆ.

ಅತ್ತಿ ಅಲುಗಲಿಲ್ಲ. "ಇನ್ನೊಂದು ಹೊಡೀತಿಯೇನು ಯವ್ವಾ? ಒಂದು ಹೋದ್ರ ಒಂದಿರ್ಲಿ," ಎಂದರು.

"ಬ್ಯಾಡ್ರಿ ಅತ್ತಿ. ಇದು ಭಾಳ ಛಲೋ ಬಂದದ."

ರೋಲು ಮುಗಿಯುತ್ತಾ ಬಂದಿತ್ತು. ನನ್ನ ಕಣ್ಣು ಆಗಲೇ ಬೇರೆ ಕಡೆ ಇತ್ತು. ಕಟಾಂಜನದ ಹೊರಗೆ ನಮ್ಮವರು ಬಿಟ್ಟ ಚಪ್ಪಲಿಗಳ ಸಾಲಿನ ಮೇಲೆ ಅರಳಿಮರದ ನೆರಳು ಬಿದ್ದಿತ್ತು. ಪುಸ್ತಕದಲ್ಲಿ ಥೇಟ್ ಅಂಥದೇ ಒಂದು ಚಿತ್ರವಿದೆ. ಅದನ್ನು ತೆಗೆದೆ. ಆಮೇಲೆ ಕೊಳದಲ್ಲಿ ಪತಾಕೆಗಳ ಬಿಂಬ ತೆಗೆದೆ, ನಿಂತು ಒಂದು, ಬಗ್ಗಿ ಒಂದು. ಬಿಳಿಯರಲ್ಲಿ ಒಬ್ಬ ನನ್ನ ಕಡೆ ನೋಡಿ ತಲೆಯಾಡಿಸಿದ. ಆ ದಿನ ಊಟ ಮಾಡುವಾಗಲೂ ಆ ತಲೆಯಾಟವನ್ನೇ ನೆನೆಸಿಕೊಳ್ಳುತ್ತಿದ್ದೆ.

ಯಾದಗಿರಿ, ಮಧ್ಯಾಹ್ನ

ಯಾದಗಿರಿಯ ಸ್ಟುಡಿಯೋದವರು ಬಣ್ಣದ ರೋಲನ್ನು ಹೈದರಾಬಾದಿಗೆ ಕಳಿಸಿ ತೊಳೆಸುತ್ತಾರೆ. ಲಕೋಟೆ ಕೊಡುವಾಗಲೇ ಸ್ಟುಡಿಯೋದವನ ಮುಖ ಅರಳಿತ್ತು.

"ಅಕ್ಕಾರ, ಇವು ನೀವೇ ತೆಗೆದದ್ದೇನ್ರಿ? ಕ್ಯಾಲೆಂಡರಿಗೆ ಹಾಕಬಹುದು ನೋಡ್ರಿ. ಈ ಕೊಳದ್ದು ದೊಡ್ಡದು ಮಾಡಿಸಿ ನಮ್ಮ ಶೋಕೇಸಿನ್ಯಾಗ ಇಡ್ಲೇನು?"

ಮಂಜಿನಲ್ಲಿ ಭಿಕ್ಷುಗಳು, ಕೊಳದಲ್ಲಿ ಪತಾಕೆ, ನೆರಳಿನಲ್ಲಿ ಚಪ್ಪಲಿ. ಖರೆ ಹೇಳುತ್ತೇನೆ, ಮಾಸ್ತರದನ್ನು ಮೊದಲು ನೋಡು ಎಂದು ಮನೆಯವರು ಹೇಳಿದ್ದು ಆಗ ನೆನಪಿಗೆ ಬರಲಿಲ್ಲ. ಅಂಗಡಿಯ ಬೆಂಚಿನ ಮೇಲೆ ಕುಳಿತು ಒಂದೊಂದನ್ನೇ ದೂರ ಹಿಡಿದು ನೋಡಿದೆ, ಹತ್ತಿರ ಹಿಡಿದು ನೋಡಿದೆ. ಕೊನೆಗೆ ಕಂಬದ ಫೋಟೋ ಕೈಗೆ ಬಂತು.

ಸಾಬಮ್ಮ ಅತ್ತಿಯ ಮುಖ ಅಷ್ಟು ಚೆನ್ನಾಗಿ ಯಾರೂ ತೆಗೆದಿರಲಿಕ್ಕಿಲ್ಲ. ಹಣೆಯ ಮೇಲಿನ ಹಚ್ಚೆ, ಕಣ್ಣಂಚಿನ ಗೆರೆ, ತುಟಿ ಬಿಗಿದ ಬಗೆ, ಎಲ್ಲ ಇತ್ತು. ಸೀರೆಯ ಬಿಳುಪು ಎಲ್ಲೂ ಉರಿದಿರಲಿಲ್ಲ. ಕಂಬ ಹೇಳಿದ ಜಾಗದಲ್ಲಿ ನಿಂತಿತ್ತು. ಅವರ ಕೈಯಲ್ಲಿದ್ದ ಕಟ್ಟಿನೊಳಗೆ ಮಾಸ್ತರು ಇರಲಿಲ್ಲ. ಅಲ್ಲಿ ಒಂದು ಮಂಡಿ ಊರಿ, ಬಿಳಿ ಸೀರೆ ಉಟ್ಟು, ಕ್ಯಾಮೆರಾವನ್ನು ಮುಖಕ್ಕೆ ಹಚ್ಚಿಕೊಂಡು ಕುಳಿತ ನಾನಿದ್ದೆ.

ಹಿಂದೆ ಕಪ್ಪು ಇದ್ದರೆ ಗಾಜು ಕನ್ನಡಿಯಾಗುತ್ತದೆ. ಇದಕ್ಕೆ ಪುಸ್ತಕ ಓದಬೇಕಾಗಿರಲಿಲ್ಲ. ರಾತ್ರಿ ಅಡುಗೆಮನೆಯ ಕಿಟಕಿಯಲ್ಲಿ ದಿನಾ ನನ್ನ ಮುಖ ನೋಡುತ್ತೇನೆ. ಅತ್ತಿ ತಾವಾಗಿ ಹಿಡಿದಂತೆ, ನೆಲದ ಕಡೆ ಬಾಗಿಸಿ ಹಿಡಿದಿದ್ದರೆ ಮಾಸ್ತರು ಕಾಣುತ್ತಿದ್ದರು. ಎತ್ತಿರಿ, ವಾಲಿಸಿರಿ ಎಂದು ಎತ್ತಿಸಿ ವಾಲಿಸಿ ಅವರ ಜಾಗದಲ್ಲಿ ನನ್ನನ್ನು ಕೂರಿಸಿಕೊಂಡವಳು ನಾನೇ. ನಾಲ್ಕೂ ಮೂಲೆ ನೋಡಿದ್ದೆ, ನಡುವೆ ನೋಡಿರಲಿಲ್ಲ.

ನನ್ನ ಮುಖ ನೋಡಿ ಸ್ಟುಡಿಯೋದವನು ಎದ್ದು ಬಂದ. ನೋಡಿದ. "ಅಯ್ಯ, ಇದಕ್ಕ ಯಾಕ ಅಷ್ಟು ಚಿಂತಿ ಮಾಡ್ತೀರಿ? ಆ ಕಟ್ಟಿನ ಫೋಟೋ ತಂದು ಕೊಡ್ರಿ. ಕತ್ತರಿಸಿ ಕೂಡಿಸಿ, ಮ್ಯಾಲ ಕುಂಚ ಆಡಿಸಿ ಮತ್ತೊಂದು ಫೋಟೋ ತೆಗೆದುಕೊಡ್ತೀನಿ. ಯಾರಪ್ಪಗೂ ಗೊತ್ತಾಗಂಗಿಲ್ಲ. ಭಾನುವಾರದೊಳಗ ಆಗ್ತದ."

ಯಾರಿಗೂ ಗೊತ್ತಾಗುವುದಿಲ್ಲ ಎಂಬ ಮಾತು ಆ ಹೊತ್ತಿಗೆ ನನಗೆ ತಣ್ಣನೆಯ ನೀರು ಕುಡಿದಂತಾಯಿತು.

ಸುರಪುರ, ಸಂಜೆ

ದಾರಿಯುದ್ದಕ್ಕೂ ಸುಳ್ಳು ಕಟ್ಟುತ್ತಾ ಬಂದೆ. ಫೋಟೋ ಇನ್ನೂ ಬಂದಿಲ್ಲ ಎನ್ನುವುದು, ಮಾಸ್ತರ ಕಟ್ಟು ಹಳೆಯದಾಗಿದೆ, ಹೊಸದು ಹಾಕಿಸಿ ಕೊಡುತ್ತೇನೆ ಎಂದು ಇಸಿದುಕೊಳ್ಳುವುದು. ಶಹಾಪುರದಲ್ಲಿ ಬಸ್ಸು ಬದಲಿಸುವಾಗ ಮನೆಗೆ ಹೋಗಿಬಿಡಲೇ ಅನ್ನಿಸಿತು. ಹೋದರೆ ಮನೆಯವರಿಗೆ ಹೇಳಬೇಕಾಗುತ್ತದೆ. ಸುರಪುರದ ಬಸ್ಸೇ ವಾಸಿ ಎನಿಸಿತು.

ಅತ್ತಿಯ ಮನೆ ಗುಡ್ಡದ ಇಳಿಜಾರಿನ ಕಲ್ಲು ಓಣಿಯಲ್ಲಿದೆ. ಅವರು ಬಾಗಿಲಲ್ಲೇ ಕುಳಿತು ತೊಗರಿ ಹಸನು ಮಾಡುತ್ತಿದ್ದರು.

"ಬಾ ಯವ್ವಾ. ಮುಂಜಾನಿಂದ ನಿನ್ನ ದಾರೀನೇ ನೋಡಾಕತ್ತೀನಿ. ಒಳಗ ನೋಡು, ಮೊಳಿ ನಾನೇ ಹೊಡದೀನಿ."

ಹೊಸದಾಗಿ ಸುಣ್ಣ ಬಳಿದ ಗೋಡೆಯ ಮೇಲೆ ಒಂದು ಮೊಳೆ. ಅದರ ಕೆಳಗಿನ ಗೂಡಿನಲ್ಲಿ ಮಾಸ್ತರು, ಕಪ್ಪು ಕೋಟಿನಲ್ಲಿ.

"ಅತ್ತಿ, ಮಾಸ್ತರ ಕಟ್ಟು ಎರಡು ದಿನ ಕೊಡ್ತೀರೇನು?"

"ಯಾಕ?"

"ಹೊಸಾ ಕಟ್ಟು ಹಾಕಿಸಿ ಕೊಡ್ತೀನಿ."

"ಇದಕ್ಕೇನಾಗ್ಯದ?" ಎಂದವರು ನನ್ನ ಚೀಲದ ಕಡೆ ನೋಡಿದರು. ಸ್ಟುಡಿಯೋದ ಹಳದಿ ಲಕೋಟೆಯ ತುದಿ ಹೊರಗೆ ಕಾಣುತ್ತಿತ್ತು. "ಮೊದಲ ಫೋಟೋ ತೋರ್ಸು."

ಲಕೋಟೆ ಕೊಟ್ಟೆ. ಕಂಬದ್ದನ್ನು ಎಲ್ಲದರ ಕೆಳಗೆ ಸೇರಿಸಿದ್ದೆ. ಅತ್ತಿ ಬೆಳಕಿಗೆ ತಿರುಗಿ ಕುಳಿತು ಒಂದೊಂದೇ ನೋಡಿದರು. ಮಂಜಿನ ಫೋಟೋ ನೋಡಿ, ಇದರಲ್ಲಿ ಏನೂ ಬಂದಿಲ್ಲವಲ್ಲ ಎಂದು ಪಕ್ಕಕ್ಕಿಟ್ಟರು. ಮುಂದಿನದನ್ನು ಸ್ವಲ್ಪ ಹೊತ್ತು ಹಿಡಿದರು.

"ಚಪ್ಪಲಿ ಛಲೋ ಬಂದಾವ. ಇದು ಮಾಳಪ್ಪಂದಲ್ಲ?"

"ಹೌದ್ರಿ."

ಕೊನೆಯದು ಬಂತು. ಅತ್ತಿ ತಮ್ಮ ಮುಖವನ್ನು ನೋಡಲೇ ಇಲ್ಲ. ಕಣ್ಣು ನೇರ ಕಟ್ಟಿನ ಮೇಲೆ ಹೋಯಿತು. ಸೆರಗಿನ ತುದಿ ಹಿಡಿದು ಫೋಟೋದ ಮೇಲಿನ ಆ ಜಾಗವನ್ನು ಒರೆಸಿದರು. ಧೂಳು ಕೂತಿದೆ ಎಂದುಕೊಂಡಿದ್ದರು. ಮತ್ತೆ ಒರೆಸಿದರು. ನಾನು ನೆಲ ನೋಡುತ್ತಾ ನಿಂತೆ.

"ಇದರಾಗ ಬಿಳಿ ಸೀರಿ ಉಟ್ಟು ಕುಂತಾಕಿ ಯಾರು?"

"ನಾನ ಅತ್ತಿ. ಗಾಜಿನ್ಯಾಗ ನನ್ನ ನೆರಳು ಬಿದ್ದದ. ನೀವು ಹಿಡಿದಂಗ ಹಿಡಿದಿದ್ರ ಮಾಸ್ತರು ಬರ್ತಿದ್ರು. ನಾನ ಮ್ಯಾಲ ಎತ್ರಿ ಅಂದೆ."

ಅತ್ತಿ ಮೊರದಲ್ಲಿದ್ದ ತೊಗರಿಯನ್ನು ಕೈಯಿಂದ ಒಂದು ಕಡೆಗೆ ಸರಿಸಿದರು. ಆಮೇಲೆ ಪಕ್ಕಕ್ಕಿಟ್ಟಿದ್ದ ಫೋಟೋಗಳಿಂದ ಒಂದನ್ನು ಎತ್ತಿ ತೋರಿಸಿದರು.

"ಈ ಚಪ್ಪಲಿ ಫೋಟೋ ಮೊದಲ ತೆಗೆದದ್ದೋ, ಆಮ್ಯಾಲ ತೆಗೆದದ್ದೋ?"

"ಆಮ್ಯಾಲರಿ."

"ಹಂ," ಎಂದರು ಅಷ್ಟೇ.

ಅವರು ಬೈದಿದ್ದರೆ ನಾನು ಅತ್ತು ಹಗುರಾಗುತ್ತಿದ್ದೆ. ಸ್ಟುಡಿಯೋದವನು ಹೇಳಿದ್ದನ್ನೆಲ್ಲ ಹೇಳಿಬಿಟ್ಟೆ. ಕತ್ತರಿಸಿ ಕೂಡಿಸುವುದು, ಕುಂಚ ಆಡಿಸುವುದು, ಭಾನುವಾರದೊಳಗೆ ಆಗುವುದು, ಯಾರಿಗೂ ಗೊತ್ತಾಗದಿರುವುದು. ಕಟ್ಟು ಕೇಳಿದ್ದು ಅದಕ್ಕೇ ಎಂದೂ ಹೇಳಿದೆ.

"ಕೂಡಿಸಿದ್ದು ಬ್ಯಾಡ," ಎಂದರು. "ಕೂಡಸೋದಾದ್ರ ಇಲ್ಲೇ ಕುಂತು ಕೂಡಸಬಹುದಿತ್ತಲ್ಲ. ರೈಲಿನ್ಯಾಗ ಅಷ್ಟು ದೂರ ಅವರನ್ನ ಯಾಕ ಹೊತ್ಕೊಂಡು ಹೋಗ್ತಿದ್ದೆ? ಮಂದಿ ಮುಂದ ಸುಳ್ಳು ತೂಗಹಾಕಿದ್ರ ಅವರೇ ಎದ್ದು ಬಂದು ಬಡೀತಾರ. ಸಾಲಿ ಮಾಸ್ತರು ಅವರು."

"ಮತ್ತ ಭಾನುವಾರ?"

"ಇದನ್ನ ಹಾಕ್ತೀನಿ."

"ಬ್ಯಾಡ್ರಿ ಅತ್ತಿ, ನಿಮ್ಮ ಕಾಲು ಬೀಳ್ತೀನಿ. ಬಂದವರೆಲ್ಲ ನೋಡ್ತಾರ. ಮಾಸ್ತರ ಜಾಗದಾಗ ನಾನು…"

"ಮತ್ತೇನು ಹಾಕ್ಲಿ? ಚಪ್ಪಲಿ ಹಾಕ್ಲೇನು?"

ದನಿ ಏರಿರಲಿಲ್ಲ. ಮೊಣಕಾಲು ಹಿಡಿದು ಎದ್ದು, ಫೋಟೋವನ್ನು ಗೂಡಿನಲ್ಲಿ ಮಾಸ್ತರ ಪಕ್ಕಕ್ಕೆ ಆನಿಸಿ ನಿಲ್ಲಿಸಿದರು. ಹಿಂದೆ ಸರಿದು ನೋಡಿದರು. ಆಗ ಮೊದಲ ಸಲ ತಮ್ಮ ಮುಖ ಕಂಡರೋ ಏನೋ, ತಲೆಯ ಮೇಲಿನ ಸೆರಗನ್ನು ಒಮ್ಮೆ ಸರಿಮಾಡಿಕೊಂಡರು. "ಅವರಿಗೆ ತೋರಿಸೋದು ನಾ ಅಲ್ಲೇ ತೋರಿಸೀನಿ. ಯಾರರ ಕೇಳಿದ್ರ, ಹಿಡಿದದ್ದು ನಾನು, ತೆಗೆದದ್ದು ಈಕಿ, ಒಳಗಿದ್ದವರು ಅವರು ಅಂತ ಬಾಯಿಲೇ ಹೇಳ್ತೀನಿ. ನೀನೂ ಬಾ. ಬರದೇ ಇರಬ್ಯಾಡ."

ಬರುವುದಿಲ್ಲ ಎನ್ನಲು ನನಗೆ ಯಾವ ಬಾಯಿ ಇತ್ತು? ಹಳೆಯ ವಿದ್ಯಾರ್ಥಿಗಳ ನಡುವೆ ನಮ್ಮ ಯಜಮಾನರೂ ಇರುತ್ತಾರೆ. ಆ ಗೋಡೆಯ ಮುಂದೆ ಅವರ ಪಕ್ಕದಲ್ಲಿ ನಿಲ್ಲುವುದನ್ನು ನೆನೆಸಿಕೊಂಡೇ ಕಿವಿ ಬಿಸಿಯಾಯಿತು. ಕಾನ್ವೆಂಟಿನಲ್ಲಿ ತಪ್ಪು ಮಾಡಿದರೆ ಗೋಡೆಗೆ ಮುಖ ಮಾಡಿ ನಿಲ್ಲಿಸುತ್ತಿದ್ದರು. ಹಾಗಾದರೂ ಮುಖ ಯಾರಿಗೂ ಕಾಣುತ್ತಿರಲಿಲ್ಲ.

ಅತ್ತಿ ಚಹಾಕ್ಕಿಡಲು ಒಳಗೆ ಹೋದರು. ಅಷ್ಟರಲ್ಲಿ ಪಕ್ಕದ ಮನೆಯ ಗೌರಮ್ಮ ಹಾಲಿಗೆ ಹೆಪ್ಪು ಕೇಳಲು ಬಟ್ಟಲು ಹಿಡಿದು ಬಂದಳು. ಗೂಡಿನಲ್ಲಿದ್ದ ಫೋಟೋ ಕಂಡು ಹತ್ತಿರ ಹೋಗಿ, ಬಗ್ಗಿ, ಕಣ್ಣು ಕಿರಿದು ಮಾಡಿ ನೋಡಿದಳು. ನನ್ನ ಕಡೆ ತಿರುಗಿ ನೋಡಿದಳು. ಮತ್ತೆ ಫೋಟೋ ನೋಡಿದಳು.

"ತೆಗೆದಾಕಿದೂ ಬಂದದಲ್ಲ ಇದರಾಗ," ಎಂದಳು. "ನಸೀಬದಾಕಿ ಬಿಡು ನೀ. ನಮ್ಮ ಮದಿವಿ ಆಲ್ಬಂ ಪುರಾ ಹುಡುಕಿದ್ರೂ ತೆಗೆದಾವ ಒಂದರಾಗೂ ಇಲ್ಲ."